ಹರಕೆ ಪೆಟ್ಟಿಗೆಯಲ್ಲಿ ರಷ್ಯನ್

ಬೇರೆಯವರ ಕೆಲಸದಲ್ಲಿ ವರ್ಷಕ್ಕೊಂದು ನಗುವಂಥ ಪ್ರಸಂಗ ನಡೆದರೆ, ನನ್ನ ಕೆಲಸದಲ್ಲಿ ವಾರಕ್ಕೊಂದು ನಡೆಯುತ್ತದೆ. ಎಲ್ಲರೂ ನಗುತ್ತಾರೆ, ನಾನೊಬ್ಬಳನ್ನು ಬಿಟ್ಟು.

ನಾನು ರಷ್ಯನ್ ಕಲಿಸುತ್ತೇನೆ. ಹಾಗೆಂದ ಕೂಡಲೇ ಎದುರಿನವರು ಒಮ್ಮೆ ನನ್ನ ಮುಖ ನೋಡಿ, 'ಯಾಕೆ?' ಅನ್ನುತ್ತಾರೆ. ಮೊದಲು ಒಂದು ಕಾರ್ಖಾನೆಯಲ್ಲಿ ಅನುವಾದಕಿಯಾಗಿದ್ದೆ. ರಷ್ಯನ್ ಎಂಜಿನಿಯರುಗಳು ಅವರ ಊರಿಗೆ ಹೋದರು, ಅವರು ತಂದ ಯಂತ್ರಗಳು ಗುಜರಿಗೆ ಹೋದವು, ನಾನು ಸಹಕಾರನಗರದ ಹತ್ತಿರ ಒಂದು ಕಟ್ಟಡದ ಮೂರನೇ ಮಹಡಿಗೆ ಬಂದೆ. ನನಗೆ ಬರುವುದು ಇದೊಂದೇ ಕೆಲಸ. ಅದೂ ಹೋದ ವರ್ಷ ಹೋಗುವುದರಲ್ಲಿತ್ತು.

ತಗಡಿನ ಪೆಟ್ಟಿಗೆ

ಕಟ್ಟಡದ ಮಾಲೀಕರು ಅಮೃತಹಳ್ಳಿಯ ಹಳಬರು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಇವರು ಮೂರು ಮಹಡಿ ಎಬ್ಬಿಸಿ ಭಾಷೆಗಳ ಸಂಸ್ಥೆ ಇಟ್ಟಿದ್ದಾರೆ. ಎರಡನೇ ಮಹಡಿಯಲ್ಲಿ ಜರ್ಮನ್, ಮೂರರಲ್ಲಿ ನಾನು. ಒಂದು ದಿನ ಯಾವುದೋ ಹೋಟೆಲಿನಲ್ಲಿ ನಡೆದ ತರಬೇತಿಗೆ ಹೋಗಿ ಬಂದವರು ನೇರ ನನ್ನ ಕ್ಲಾಸಿಗೆ ಬಂದರು.

"ಏನ್ ಮೇಡಂ, ಗೋಲ್ ಇಲ್ದೇನೇ ಪಾಠ ಮಾಡ್ತಿದೀರಲ್ಲ?"

ಗುರಿ ಇತ್ತು. ಬರೆದೇ ಇಟ್ಟಿದ್ದೆ. ಮೂರು ತಿಂಗಳಲ್ಲಿ ಮೂವತ್ಮೂರು ಅಕ್ಷರ ಓದಬೇಕು, ತಮ್ಮ ಪರಿಚಯ ಹೇಳಿಕೊಳ್ಳಬೇಕು, ಅಂಗಡಿಗೆ ಹೋಗಿ ಬ್ರೆಡ್ ಕೊಳ್ಳಬೇಕು. ಅವರು ಹಾಳೆಯನ್ನು ದೂರ ಹಿಡಿದು ಓದಿದರು.

"ಬ್ರೆಡ್ ತಗೊಳಕ್ಕೆ ಮೂರ್ ತಿಂಗ್ಳಾ? ನಮ್ ಬೇಕ್ರಿಯೋನು ಆರು ಬಾಷೆ ಮಾತಾಡ್ತಾನೆ. ಯಾವ ಕ್ಲಾಸ್ಗೂ ಓಗಿಲ್ಲ ಅವ್ನು."

ಮರುದಿನ ಒಂದು ತಗಡಿನ ಪೆಟ್ಟಿಗೆ ಬಂತು. ಬಡಾವಣೆಯ ಸಂಘದ ಚುನಾವಣೆಗೆಂದು ಅವರೇ ಮಾಡಿಸಿದ್ದು. ಆ ಚುನಾವಣೆಯಲ್ಲಿ ಅವರು ಸೋತರು, ಪೆಟ್ಟಿಗೆ ಉಳಿದಿತ್ತು. ಮೇಲೆ ಸೀಳು, ಪಕ್ಕದಲ್ಲಿ ಬೀಗ.

"ಪ್ರತಿಯೊಬ್ರೂ ಅವ್ರವ್ರ ಗೋಲ್ ಬರ್ದು ಇದ್ರೊಳಗೆ ಆಕ್ಬೇಕು. ಮೂರ್ ತಿಂಗ್ಳು ಆದ್ಮೇಲೆ ಎಲ್ರ ಮುಂದೆ ತೆಗೀತೀವಿ. ಐದ್ರಲ್ಲಿ ನಾಲ್ಕು ಜನದ್ದು ಆಗಿದ್ರೆ ನಿಮ್ ಕ್ಲಾಸ್ ಇರ್ತದೆ. ಇಲ್ಲಾಂದ್ರೆ ರೂಮು ಟೈಲ್ಸ್ ಅಂಗ್ಡಿಯೋನ್ಗೆ. ಗೋಡೌನ್ ಕೇಳ್ತಾವ್ನೆ."

"ಅವರೇನು ಬರೆಯುತ್ತಾರೆ ಅಂತ ನಾನು ನೋಡಬಹುದಲ್ಲ?" ಎಂದೆ.

"ಅದೆಂಗಾಯ್ತದೆ ಮೇಡಂ? ಅರಕೆ ಒತ್ಕೊಂಡೋರು ಊರ್ತುಂಬ ಏಳ್ಕೊಂಡ್ ತಿರುಗ್ತಾರಾ? ಏಳ್ಬಿಟ್ರೆ ಪಲಿಸಲ್ಲ."

ವಿದ್ಯಾರ್ಥಿಗಳು ನಾಲ್ಕೇ ಜನ ಇದ್ದರು. ಒಬ್ಬರು ಯೋಗ ಹೇಳಿಕೊಡುವವರು, ಒಬ್ಬರು ನಿವೃತ್ತ ಪಶುವೈದ್ಯರು, ಒಬ್ಬರು ಒಂಬತ್ತು ವರ್ಷದ ಚೆಸ್ ಆಟಗಾರನ ಅಪ್ಪ, ಒಬ್ಬಳು ಪಿಯುಸಿ ಮುಗಿಸಿದ ಹುಡುಗಿ. ಲೆಕ್ಕ ತುಂಬಲೆಂದು ಮಾಲೀಕರೇ ಐದನೆಯವರಾಗಿ ಹೆಸರು ಬರೆಸಿಕೊಂಡು ಮೊದಲ ಚೀಟಿ ಹಾಕಿದರು. ಹೀಗೆ, ಯಾರಿಗೆ ಏನು ಬೇಕೆಂದು ಗೊತ್ತಿಲ್ಲದೆ ಎಲ್ಲರಿಗೂ ಬೇಕಾದ್ದನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ದೇವರಿಗಾದರೂ ಹರಕೆ ಏನೆಂದು ಗೊತ್ತಿರುತ್ತದೆ. ನನಗೆ ಅದೂ ಇಲ್ಲ.

ಉಸಿರು

ಯೋಗದವರು ಯಲಹಂಕದಿಂದ ಬರುತ್ತಿದ್ದರು. ಬೆಳಗಿನ ಹೊತ್ತು ಕಂಪ್ಯೂಟರಿನ ಮುಂದೆ ಕೂತು ವಿದೇಶದವರಿಗೆ ಆಸನ ಹೇಳಿಕೊಡುತ್ತಾರೆ. ಅವರಲ್ಲಿ ರಷ್ಯಾದವರೂ ಇದ್ದಾರಂತೆ. ಮೊದಲ ವಾರ ಒಂದೇ ಸಮನೆ ಕೇಳಿ ಕೇಳಿ ಬರೆದುಕೊಂಡರು. ಎಳೆದುಕೊಳ್ಳಿ. ಹಿಡಿಯಿರಿ. ಬಿಡಿ. ಮಲಗಿ. ಏಳಿ. ಎರಡನೇ ವಾರ ನಾನು ರಷ್ಯನ್ನಿನಲ್ಲಿ 'ಹೇಗಿದ್ದೀರಿ?' ಎಂದರೆ ಅವರು 'ಉಸಿರು ಬಿಡಿ' ಅನ್ನುತ್ತಿದ್ದರು. ಮೂರನೇ ವಾರ ಬರಲೇ ಇಲ್ಲ.

ಫೋನ್ ಮಾಡಿದೆ. "ಏನ್ ಸಮಾಚಾರ ಸರ್, ಕ್ಲಾಸಿಗೆ ಬರ್ತಿಲ್ಲ?"

"ಗುಟ್ಟು ಹೇಳ್ಬಾರ್ದು ಅಂದಿದಾರೆ, ಆದ್ರೂ ಹೇಳ್ತೀನಿ ಮೇಡಂ. ನನ್ ಗೋಲ್ ಮುಗೀತು. ಉಸಿರು ಎಳ್ಕೊಳಿ, ಬಿಡಿ ಅನ್ನಕ್ಕೆ ಬಂದ್ರೆ ಸಾಕು ಅಂತ ಬರ್ದಿದ್ದೆ. ಬಂತಲ್ಲ, ಇನ್ಯಾಕೆ ಬರ್ಲಿ?"

"ಇನ್ನೂ ಎಷ್ಟೊಂದು ಇದೆ ಸರ್. ವ್ಯಾಕರಣ ಶುರುವೇ ಆಗಿಲ್ಲ."

"ಮೇಡಂ, ನೀವು ತುಂಬಾ ಟೆನ್ಷನ್ ಮಾಡ್ಕೋತೀರ. ಕಣ್ ಮುಚ್ಚಿ, ನಿಧಾನಕ್ಕೆ ಎಳ್ಕೊಳಿ."

ಸಿಟ್ಟಿನಲ್ಲಿ ಫೋನ್ ಇಟ್ಟೆ. ಆದರೆ ನನ್ನ ಐವರಲ್ಲಿ ಗುರಿ ಮುಟ್ಟಿದ ಮೊದಲಿಗರು ಅವರೇ. ಕ್ಲಾಸು ಬಿಟ್ಟು ಹೋದವರಿಂದ ಕ್ಲಾಸಿಗೆ ಒಂದು ಅಂಕ ಬಂತು.

ಹಸುವಿನ ಪುಸ್ತಕ

ಪಶುವೈದ್ಯರು ಹೆಬ್ಬಾಳದವರು. ಬಟ್ಟೆಯ ಚೀಲದಲ್ಲಿ ಒಂದು ದಪ್ಪ ರಷ್ಯನ್ ಪುಸ್ತಕ ತರುತ್ತಿದ್ದರು. ರಟ್ಟಿನ ಮೇಲೆ ಹಸುವಿನ ಚಿತ್ರ. ಸೇವೆಯಲ್ಲಿದ್ದಾಗ ಯಾರೋ ಅತಿಥಿ ಕೊಟ್ಟದ್ದಂತೆ. ಮೂವತ್ತು ವರ್ಷ ಶೋಕೇಸಿನಲ್ಲಿಟ್ಟು, ಒಳಗೆ ಏನೋ ದೊಡ್ಡ ವಿದ್ಯೆ ಇದೆ ಎಂದು ಕಾದಿದ್ದರು. ಇವರ ಹರಕೆ ಏನೆಂದು ಯಾರೂ ಹೇಳಬೇಕಾಗಿರಲಿಲ್ಲ.

ಇವರಷ್ಟು ಶ್ರದ್ಧೆಯ ವಿದ್ಯಾರ್ಥಿಯನ್ನು ನಾನು ನೋಡಿಲ್ಲ. ಇವರಷ್ಟು ನಿಧಾನದವರನ್ನೂ ನೋಡಿಲ್ಲ. ಒಂದೊಂದು ಪದಕ್ಕೂ ಡಿಕ್ಷನರಿ ತೆಗೆದು, ಕನ್ನಡಕ ಒರೆಸಿ, ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಎರಡು ತಿಂಗಳಾದ ಮೇಲೆ ಒಂದು ಸಂಜೆ ಮೊದಲ ಅಧ್ಯಾಯದ ಮೊದಲ ಪ್ಯಾರಾ ಮುಗಿಯಿತು. ಪುಸ್ತಕ ಮುಚ್ಚಿ ಕನ್ನಡಕ ತೆಗೆದಿಟ್ಟರು.

"ಏನಿದೆ ಸರ್ ಅದರಲ್ಲಿ?"

"ಹಸುವನ್ನು ಚೊಕ್ಕಟವಾಗಿ ಇಡಬೇಕು. ಹೊತ್ತಿಗೆ ಸರಿಯಾಗಿ ಮೇವು, ನೀರು ಕೊಡಬೇಕು."

"ಆಮೇಲೆ?"

"ಇಷ್ಟೇ ಮೇಡಂ. ಇದನ್ನ ನಮ್ಮಜ್ಜಿ ಹೇಳ್ತಿದ್ರು. ಅವರಿಗೆ ಯಾವ ಭಾಷೆಯೂ ಓದಕ್ಕೆ ಬರ್ತಿರಲಿಲ್ಲ."

ಸಹಿ

ಮಾಲೀಕರು ಕ್ಲಾಸಿಗೆ ಬಂದದ್ದು ಎರಡೇ ಸಲ. ಒಂದು ಸಲ ಟೈಲ್ಸ್ ಅಂಗಡಿಯವನನ್ನು ಕರೆದುಕೊಂಡು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದಂತೆಯೇ ಅವನು ಟೇಪು ಹಿಡಿದು ಗೋಡೆ ಅಳೆದ. "ಸ್ವಲ್ಪ ಸರೀರಿ ಮೇಡಂ" ಎಂದು ನನ್ನ ಹಿಂದಿನ ಗೋಡೆಯನ್ನೂ ಅಳೆದ. ನಾನು ಸರಿದೆ. ಬೇರೆ ಏನು ಮಾಡಲಿ?

ಇನ್ನೊಂದು ಸಲ ತಮ್ಮ ಹೆಸರನ್ನು ರಷ್ಯನ್ನಿನಲ್ಲಿ ಬರೆಸಿಕೊಂಡು ಹೋಗಲು. ಅದನ್ನು ಎಷ್ಟು ತಿದ್ದಿದರೆಂದರೆ, ಪೇಪರಿನ ಅಂಚು, ಮದುವೆ ಕರೆಯೋಲೆಯ ಹಿಂಬದಿ, ಎಲ್ಲ ಕಡೆ ಅದೇ. ಕೊನೆಗೆ ಒಂದು ಸೈಟಿನ ನೋಂದಣಿಗೆ ಹೋದಾಗ ಕ್ರಯಪತ್ರದ ಮೊದಲ ಪುಟಗಳಿಗೆ ಕನ್ನಡದಲ್ಲಿ ಸಹಿ ಹಾಕಿದವರು, ಆರನೇ ಪುಟದಿಂದ ಕೈ ಓಡಿದ ಹಾಗೆ ರಷ್ಯನ್ನಿನಲ್ಲಿ ಹಾಕಿದ್ದಾರೆ. ಅಲ್ಲಿದ್ದವರು ಪತ್ರ ಹಿಂದೆ ತಳ್ಳಿ, ಈ ಎರಡನೇ ಮಾರಾಟಗಾರ ಯಾರು, ಅವರನ್ನೂ ಕರೆಸಿ ಅಂದರಂತೆ. ಕೊಳ್ಳುವವನು ಗಾಬರಿಯಾಗಿ ಎದ್ದುಹೋದ.

ಸಂಜೆ ನನ್ನ ಮೇಲೆ ಕೂಗಾಡಿದರು. "ನಿಮ್ ರಷ್ಯಾದಿಂದ ನನ್ ಸೈಟು ಓಯ್ತು."

"ಸಹಿ ಚೆನ್ನಾಗಿ ಬಂದಿತ್ತಾ?" ಎಂದು ಕೇಳಿದೆ.

ದನಿ ಇಳಿಸಿ, "ಸಹಿ ಮಾತ್ರ ಜೋರಾಗ್ ಬಂದಿತ್ತು ಬಿಡಿ" ಎಂದರು.

ಅವರೆಕಾಯಿ

ಹುಡುಗಿಯನ್ನು ರಷ್ಯಾಕ್ಕೆ ಡಾಕ್ಟರ್ ಓದಲು ಕಳಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಭಾಷೆ ಒಂದಿಷ್ಟಾದರೂ ಬಂದರೆ ಮಾತ್ರ ಕಳಿಸುವುದು ಅಂತ ಅವಳಪ್ಪ ಹೇಳಿದ್ದರು. ಅವಳ ಜೊತೆ ತಾಯಿಯೂ ಇಲ್ಲೇ ಯಲಹಂಕದ ಕಡೆಯ ಸಿಂಗಾಪುರವೆಂಬ ಹಳ್ಳಿಯಿಂದ ದಿನಾ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಹೆಸರು ಬರೆಸಿರಲಿಲ್ಲ.

"ನೀವ್ಯಾಕಮ್ಮ ಕಷ್ಟಪಡ್ತೀರ?" ಎಂದು ಕೇಳಿದ್ದೆ.

"ನಾಳೆ ಅಲ್ಲಿಂದ ಫೋನ್ ಮಾಡ್ದಾಗ ಪಕ್ಕದಲ್ಲಿ ಯಾರು ಏನ್ ಮಾತಾಡ್ತಿದಾರೆ ಅಂತ ನಂಗೆ ಗೊತ್ತಾಗ್ಬೇಕಲ್ಲ ಮೇಡಂ."

ಅವರೆಕಾಯಿ ಕಾಲ. ಅವರು ಮಡಿಲಲ್ಲಿ ಚೀಲ ಇಟ್ಟುಕೊಂಡು ಕಾಯಿ ಸುಲಿಯುತ್ತ ಪಾಠ ಕೇಳುತ್ತಿದ್ದರು. ನಾನು ಮಗಳನ್ನು ಪ್ರಶ್ನೆ ಕೇಳಿದರೆ ಉತ್ತರ ಹಿಂದಿನಿಂದ ಬರುತ್ತಿತ್ತು. ಮಗಳು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಚಹಾದ ಹೊತ್ತಿನಲ್ಲಿ ಪಶುವೈದ್ಯರ ಪಕ್ಕ ಕೂತು ಕರು ಹಾಕಿಸುವುದು ಹೇಗೆ, ಕೆಚ್ಚಲು ಬಾವು ಬಂದರೆ ಏನು ಮಾಡಬೇಕು ಎಂದು ಮುಗಿಯದಷ್ಟು ಕೇಳುತ್ತಿದ್ದಳು. ಹೆಬ್ಬಾಳದ ಕಾಲೇಜಿನಲ್ಲೇ ಪಶುವೈದ್ಯಕೀಯ ಓದುತ್ತೇನೆ ಎಂದು ಅವಳ ಹಟ. ತಾಯಿ ನನ್ನ ಕಡೆ ತಿರುಗಿ, "ದನ ಕಟ್ಟೋದ್ ಬಿಟ್ಟು ಹದ್ನೈದ್ ವರ್ಷ ಆಯ್ತು ಮೇಡಂ. ಇವ್ಳು ನೋಡಿದ್ರೆ ಮತ್ತೆ ಕೊಟ್ಟಿಗೆಗೆ ಹೋಗ್ತಾಳಂತೆ" ಅಂದರು.

ಒಂದು ದಿನ ಅಕ್ಷರಗಳ ಪರೀಕ್ಷೆ ಕೊಟ್ಟೆ. ಹುಡುಗಿ ಮೂವತ್ಮೂರರಲ್ಲಿ ಮೂವತ್ಮೂರನ್ನೂ ತಪ್ಪು ಬರೆದಿದ್ದಳು. ಅಂದೇ ನನಗೆ ಅನುಮಾನ ಬಂತು. ಏನೂ ಬಾರದವರು ಅಪ್ಪಿತಪ್ಪಿ ನಾಲ್ಕಾದರೂ ಸರಿ ಬರೆಯುತ್ತಾರೆ. ಎಲ್ಲವನ್ನೂ ತಪ್ಪಿಸಬೇಕಾದರೆ ಎಲ್ಲವೂ ಗೊತ್ತಿರಬೇಕು.

ಮರುದಿನ ಪಾಠದ ನಡುವೆ, ದನಿ ಬದಲಿಸದೆ, ರಷ್ಯನ್ನಿನಲ್ಲಿ ಒಂದು ಮಾತು ಹೇಳಿದೆ: 'ಇದು ಅರ್ಥವಾದವರು ಈಗಲೇ ಮನೆಗೆ ಹೋಗಬಹುದು.' ವೈದ್ಯರು ಡಿಕ್ಷನರಿ ತೆಗೆದರು. ಚೆಸ್ ಹುಡುಗನ ಅಪ್ಪ ಬೋರ್ಡು ನೋಡುತ್ತಿದ್ದರು. ಹುಡುಗಿಯ ಕೈ ಬ್ಯಾಗಿನ ಜಿಪ್ಪಿನವರೆಗೆ ಹೋಗಿ ವಾಪಸು ಬಂತು. ಅಷ್ಟರಲ್ಲಿ ಅವಳ ತಾಯಿ ಅವರೆಕಾಯಿ ಚೀಲ ಕಟ್ಟಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು.

ಬೀಗ ತೆಗೆದ ದಿನ

ಮೂರು ತಿಂಗಳಾಯಿತು. ಮೇಜಿನ ಮೇಲೆ ಪೆಟ್ಟಿಗೆ. ಮಾಲೀಕರು ಅದಕ್ಕೆ ಕುಂಕುಮ ಹಚ್ಚಿ ಒಂದು ಮೊಳ ಹೂವನ್ನೂ ಸುತ್ತಿದ್ದರು. ಬಾಗಿಲಲ್ಲಿ ಟೈಲ್ಸ್ ಅಂಗಡಿಯವನು ಟೇಪು ಹಿಡಿದು ನಿಂತಿದ್ದ.

ಯೋಗದವರ ಚೀಟಿ ಓದಿದರು. ಯೋಗದವರೇ ಎದ್ದು ನಿಂತು ಎಲ್ಲರಿಗೂ ಉಸಿರು ಎಳೆಸಿ ಬಿಡಿಸಿದರು. ಒಂದು.

ವೈದ್ಯರ ಚೀಟಿ. 'ಮೊದಲ ಪ್ಯಾರಾ ಓದಬೇಕು' ಎಂದಿತ್ತು. ಓದಿದ್ದರು. ಎರಡು.

ಮಾಲೀಕರ ಚೀಟಿ. 'ರಷ್ಯನ್ ಸಹಿ.' ಸೈಟು ನೆನಪಾಗಿ ಅವರ ಮುಖ ಸಣ್ಣಗಾಯಿತು. ಆದರೆ ತಮ್ಮದೇ ಪೆಟ್ಟಿಗೆಯಲ್ಲಿ ಇನ್ನೊಮ್ಮೆ ಸೋಲುವ ಮನಸ್ಸು ಅವರಿಗಿರಲಿಲ್ಲ. ಮೂರು.

ನಾಲ್ಕನೆಯದು, ರಷ್ಯನ್ ಚೆಸ್ ಪುಸ್ತಕಗಳನ್ನು ಮಗನಿಗೆ ಓದಿ ಹೇಳಲೆಂದು ಸೇರಿದ್ದ ಚೆಸ್ ಹುಡುಗನ ಅಪ್ಪನದು. 'ನನ್ನ ಮಗ ರಾಜ್ಯ ಮಟ್ಟದಲ್ಲಿ ಗೆಲ್ಲಬೇಕು.' ಮಗ ಎರಡು ತಿಂಗಳ ಹಿಂದೆಯೇ ಚೆಸ್ ಬಿಟ್ಟು ಸ್ಕೇಟಿಂಗ್ ಸೇರಿದ್ದ. ಆ ಮಗುವನ್ನು ನಾನು ಒಂದು ದಿನವೂ ಕಂಡಿಲ್ಲ. ಅವನ ಸೋಲು ನನ್ನ ಲೆಕ್ಕಕ್ಕೆ ಬಂತು. ಅಪ್ಪ ನನ್ನ ಕಡೆ ನೋಡಿ, "ನೀವು ಇನ್ನೂ ಸ್ವಲ್ಪ ಸ್ಟ್ರಿಕ್ಟ್ ಆಗಿರ್ಬೇಕಿತ್ತು ಮೇಡಂ" ಎಂದರು.

ಉಳಿದದ್ದು ಹುಡುಗಿಯದು. ಟೈಲ್ಸಿನವನು ಟೇಪು ಎಳೆದು ಬಾಗಿಲಿನ ಅಗಲ ನೋಡಿಕೊಂಡ. ಮಾಲೀಕರು ಚೀಟಿ ಬಿಡಿಸಿ ಮನಸ್ಸಿನಲ್ಲೇ ಒಮ್ಮೆ ಓದಿದರು. ಆಮೇಲೆ ಗಟ್ಟಿಯಾಗಿ ಓದಿದರು.

'ಮೂರು ತಿಂಗಳಾದ ಮೇಲೂ ನನಗೆ ರಷ್ಯನ್ ಒಂದಕ್ಷರವೂ ಬರಬಾರದು.'

ಕೊನೆಯ ಬೆಂಚಿನಲ್ಲಿ ಅವರೆಕಾಯಿ ಸುಲಿಯುವುದು ನಿಂತಿತು. ಆ ತಾಯಿಯ ಮುಖ ನೋಡಲು ನನಗೆ ಆಗಲಿಲ್ಲ. ಮಾಲೀಕರು ತಲೆ ಕೆರೆದುಕೊಂಡರು.

"ಇದು ಎಂಗೆ ಲೆಕ್ಕ ಇಡಾದು? ಮೇಡಂ, ನೀವೇ ಏಳಿ. ಇವ್ಳಿಗೆ ಬತ್ತದಾ, ಬರಲ್ವಾ?"

ಹುಡುಗಿ ನೆಲ ನೋಡುತ್ತಿದ್ದಳು. ಆ ಬ್ಯಾಚಿನಲ್ಲಿ ನಿಜವಾಗಿ ರಷ್ಯನ್ ಕಲಿತ ನನ್ನ ಒಬ್ಬಳೇ ವಿದ್ಯಾರ್ಥಿನಿ ಅವಳು. ಬರುತ್ತದೆ ಅಂದರೆ ನನ್ನ ಮರ್ಯಾದೆ ಉಳಿಯುತ್ತದೆ, ಕ್ಲಾಸು ಹೋಗುತ್ತದೆ, ಅವಳು ವಿಮಾನ ಹತ್ತುತ್ತಾಳೆ. ಬರುವುದಿಲ್ಲ ಅಂದರೆ ಇಷ್ಟು ವರ್ಷ ಕಲಿಸಿದ ನಾನು, ಏನೂ ಕಲಿಸಲಾರದವಳು ಎಂದು ನಾನೇ ಒಪ್ಪಿಕೊಂಡ ಹಾಗೆ.

"ಒಂದಕ್ಷರವೂ ಬರಲ್ಲ ಸರ್" ಎಂದೆ.

"ಅಂಗಾದ್ರೆ ಗೋಲ್ ಆಯ್ತು. ನಾಲ್ಕು" ಎಂದು ಮಾಲೀಕರು ಟಿಕ್ ಹಾಕಿದರು. ಟೈಲ್ಸಿನವನು ಟೇಪು ಸುತ್ತಿಕೊಂಡ.

ಆಗ ಆ ತಾಯಿ ಎದ್ದು ನಿಂತರು. ನನ್ನನ್ನೇ ನೋಡುತ್ತ, ನಿಧಾನವಾಗಿ, ಒಂದು ತಪ್ಪೂ ಇಲ್ಲದ ರಷ್ಯನ್ನಿನಲ್ಲಿ ಹೇಳಿದರು: 'ನೀವು ನಿಜ ಹೇಳುತ್ತಿಲ್ಲ. ನನ್ನ ಮಗಳಿಗೆ ಎಲ್ಲ ಅರ್ಥವಾಗುತ್ತದೆ.'

ವೈದ್ಯರು ಡಿಕ್ಷನರಿ ತೆಗೆದರು. ಅವರಿಗೆ ಮೊದಲ ಪದ ಸಿಗುವಷ್ಟರಲ್ಲಿ ಮಾಲೀಕರು ನನ್ನನ್ನು ಕೇಳಿದರು. "ಏನಂತವ್ರೆ ಮೇಡಂ?"

ಕಾರ್ಖಾನೆಯಲ್ಲಿ ಅಷ್ಟು ವರ್ಷ ಒಂದೇ ಒಂದು ಅನುವಾದವನ್ನೂ ತಪ್ಪು ಮಾಡದವಳು ನಾನು. "ಕ್ಲಾಸು ತುಂಬಾ ಚೆನ್ನಾಗಿತ್ತು ಅಂತಿದಾರೆ" ಎಂದೆ.

ಹುಡುಗಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು. ಅವಳ ತಾಯಿ ನಗಲಿಲ್ಲ. ಚೀಲ ಕಟ್ಟಿ, ಮಗಳ ಕೈ ಹಿಡಿದುಕೊಂಡು ಕೆಳಗಿಳಿದರು. ಹೋದರು ಅಂದುಕೊಂಡೆ. ಅವರು ಇಳಿದದ್ದು ಒಂದೇ ಮಹಡಿ. ರಷ್ಯಾ ಆಗದಿದ್ದರೆ ಜರ್ಮನಿಯಲ್ಲಿ ನರ್ಸಿಂಗ್ ಎಂದು ಅಲ್ಲಿಯೇ ಅದೇ ಸಂಜೆ ಮಗಳ ಹೆಸರು ಬರೆಸಿದರು.

ಹೀಗೆ ನನ್ನ ಕ್ಲಾಸು ಉಳಿಯಿತು. ಹುಡುಗಿ ಉಳಿಯಲಿಲ್ಲ. ಆ ಸುಳ್ಳಿನ ಲಾಭವೆಲ್ಲ ನನಗೊಬ್ಬಳಿಗೇ ಸಿಕ್ಕಿತು ಎಂಬುದು ಈಗಲೂ ನುಂಗಲಾರದ ಮಾತು. ಕಟ್ಟಡದ ಮುಂದೆ ದೊಡ್ಡ ಫ್ಲೆಕ್ಸ್ ಬಂದಿದೆ: 'ರಷ್ಯನ್, ಐದರಲ್ಲಿ ನಾಲ್ಕು.' ಅದರ ಕೆಳಗೆ ಹಾದು ಹೋಗುವಾಗೆಲ್ಲ ತಲೆ ತಗ್ಗಿಸುತ್ತೇನೆ.

ಪೆಟ್ಟಿಗೆ ಈಗ ಜರ್ಮನ್ ಕ್ಲಾಸಿನಲ್ಲಿದೆ. ಮೊನ್ನೆ ಮೆಟ್ಟಿಲ ಮೇಲೆ ಜರ್ಮನ್ ಮೇಷ್ಟ್ರು ಸಿಕ್ಕಿದರು. ತಮ್ಮ ಬ್ಯಾಚಿನಲ್ಲಿ ಎಲ್ಲರೂ ಗುರಿ ಮುಟ್ಟುತ್ತಾರೆ ಎಂದು ಹೇಳಿಕೊಂಡು ತಿರುಗುವವರು, ಯಾಕೋ ಸಪ್ಪಗಿದ್ದರು.

"ನಿಮ್ಮಿಂದ ಬಂದ ಆ ಹುಡುಗಿ ಎಷ್ಟು ಹೇಳ್ಕೊಟ್ರೂ ಒಂದಕ್ಷರ ಹಿಡೀತಿಲ್ಲ ಮೇಡಂ. ನಿಮ್ಮಲ್ಲಿ ಹೇಗಿದ್ಳು?"

"ನಮ್ಮಲ್ಲಿ ಗುರಿ ಮುಟ್ಟಿದ್ಳು ಸರ್" ಎಂದೆ.