ಕೋವಿ ಅಂಗಡಿಯಲ್ಲಿ ಒಬ್ಬರಿಗೆ ಎರಡೇ

ಕೋವಿ ಅಂಗಡಿಯಲ್ಲಿ ನಗುವಂಥದ್ದು ಎಂತ ಉಂಟು ಎಂದು ಇಗರ್ಜಿಯಲ್ಲಿ ಕೇಳುತ್ತಾರೆ. ವಾರಕ್ಕೊಂದು ಉಂಟು. ಮಾಲು ಇಲ್ಲದ ವರ್ಷ ದಿನಕ್ಕೊಂದು ಇತ್ತು.

ನಾನು ಕಲಿತದ್ದು ಐದನೇ ಕ್ಲಾಸು. ಬರೆಯುವುದು ನಿಧಾನ. ಸಿಡ್ನಿಯ ಬ್ಲ್ಯಾಕ್‌ಟೌನಿನ ಹತ್ತಿರ ಕೋವಿ, ಕಾಡತೂಸು, ಮೀನಿನ ಗಾಳ ಮಾರುವ ಒಂದು ಅಂಗಡಿ ಉಂಟು. ಅಲ್ಲಿ ಪೆಟ್ಟಿಗೆ ಇಳಿಸುವುದು, ಬೆಲೆ ಚೀಟಿ ಅಂಟಿಸುವುದು ನನ್ನ ಕೆಲಸ. ನನಗೆ ಕೋವಿ ಲೈಸೆನ್ಸ್ ಇಲ್ಲ. ಕಾಡತೂಸು ಮುಟ್ಟಬೇಕಾದರೆ ಧಣಿ ಎದುರಿಗೆ ಇರಬೇಕು.

ಲೈಸೆನ್ಸ್ ಇದ್ದದ್ದು ಹೆಂಡತಿಗೆ. ಅವಳು ನರ್ಸ್. ತವರು ಬಂಟ್ವಾಳದ ಆಚೆ. ಅಪ್ಪನ ಕೋವಿ ಹಿಡಿದು ಹಂದಿ ಓಡಿಸಿದವಳು. ಬ್ಲ್ಯಾಕ್‌ಟೌನಿನಲ್ಲಿ ಹಂದಿ ಇಲ್ಲ. ಹಾಗಾಗಿ ಕ್ಲಬ್ಬಿಗೆ ಸೇರಿದಳು. ಅಲ್ಲಿ ಮಣ್ಣಿನ ತಟ್ಟೆಯನ್ನು ಗಾಳಿಯಲ್ಲಿ ಹಾರಿಸುತ್ತಾರೆ, ಇವರು ಹೊಡೆಯಬೇಕು. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಹೋಗುವುದು. ಅವಳು ಹೊಡೆಯುವುದು, ನಾನು ಕಾರಿನಲ್ಲಿ ಕೂರುವುದು. ಬರುವಾಗ ಅವಳ ಕಂಕುಳಲ್ಲಿ ಒಂದು ಕಾಡತೂಸಿನ ಪೆಟ್ಟಿಗೆ. ಅದು ಗ್ಯಾರೇಜಿನ ಕಬ್ಬಿಣದ ಕಪಾಟಿಗೆ. ಬೀಗ. ಲೈಸೆನ್ಸ್ ಇಲ್ಲದವ ಆ ಕಪಾಟು ತೆಗೆಯುವಂತಿಲ್ಲ. ಅವಳು ಕಾನೂನಿಗೆ ಬಹಳ ಮರ್ಯಾದೆ ಕೊಡುವವಳು.

ಫೆಬ್ರವರಿಯಲ್ಲಿ ಒಂದು ದಿನ ಡ್ಯೂಟಿ ಮುಗಿಸಿ ಬಂದು ಕುರ್ಚಿಯಲ್ಲಿ ಕೂತಳು. ಏಳಲಿಲ್ಲ.

ಮರುವಾರ ಧಣಿ ಮನೆಗೆ ಬಂದರು; ಕ್ಲಬ್ಬಿನಲ್ಲಿ ಇರುತ್ತಿದ್ದ ಅವಳ ಕೋವಿಯನ್ನು ಆಗಲೇ ಅಂಗಡಿಗೆ ಒಯ್ದಿದ್ದರು. ಅದು ನಿಯಮ. ಕಪಾಟನ್ನೂ ಖಾಲಿ ಮಾಡಬೇಕಿತ್ತು. "ಈಗ ಬೇಡ" ಎಂದೆ. ಅವಳು ಕೊನೆಗೆ ಹಾಕಿದ ಬೀಗ ಅದು. ತೆಗೆದರೆ ಮುಗಿಯಿತು. ಧಣಿ ತಲೆಯಾಡಿಸಿ ಹೋದರು.

ಹೊರದೇಶದಿಂದ ಕಾಡತೂಸು ಬರುವುದು ನಿಂತದ್ದು ಆಮೇಲೆ.

೧. ಟೊಪ್ಪಿ

ಧಣಿ ಬಾಗಿಲಿಗೆ ಬೋರ್ಡ್ ಹಾಕಿದರು. ಒಬ್ಬರಿಗೆ ಎರಡೇ ಪೆಟ್ಟಿಗೆ.

ಒಬ್ಬ ರೈತ ಬೆಳಿಗ್ಗೆ ಎರಡು ಒಯ್ದ. ಮಧ್ಯಾಹ್ನ ಬೇರೆ ಟೊಪ್ಪಿ, ಕಪ್ಪು ಕನ್ನಡಕ ಹಾಕಿ ಬಂದ. ಸ್ವರವನ್ನೂ ಸ್ವಲ್ಪ ದಪ್ಪ ಮಾಡಿದ. ಧಣಿ ಲೈಸೆನ್ಸ್ ಕೇಳಿದರು. ಅದೇ ಲೈಸೆನ್ಸ್ ಕೊಟ್ಟ.

ಧಣಿ ಫೋಟೊ ನೋಡಿದರು. ಅವನನ್ನು ನೋಡಿದರು. "ಬೆಳಿಗ್ಗೆ ನಿನ್ನ ಹಾಗೇ ಒಬ್ಬ ಬಂದಿದ್ದ."

"ಹೌದಾ? ಅವನನ್ನು ನಂಬಬೇಡಿ" ಎಂದ.

ಮರುದಿನ ತಾಯಿಯನ್ನು ಕರೆದುಕೊಂಡು ಬಂದ. ಎಂಬತ್ತು ದಾಟಿದ ಅಜ್ಜಿ. ಅವರಿಗೂ ಲೈಸೆನ್ಸ್ ಉಂಟು. ಎರಡು ಪೆಟ್ಟಿಗೆ ತೆಗೆದುಕೊಂಡರು. ಹಣ ಮಗ ಕೊಟ್ಟ. ಹೊರಗೆ ಕಾರಿನ ಹತ್ತಿರ ಮಗ ಕೈ ಚಾಚಿದ. ಅಜ್ಜಿ ಪೆಟ್ಟಿಗೆಗಳನ್ನು ತಮ್ಮ ಬ್ಯಾಗಿಗೆ ಹಾಕಿ ಜಿಪ್ ಎಳೆದರು.

"ನನ್ನ ಹಿತ್ತಲಲ್ಲೂ ಮೊಲ ಇದೆ" ಎಂದರು.

೨. ಉಗುರು

ಧಣಿ ಕೆಟ್ಟವರಲ್ಲ. ಸಪ್ಲೈಯರ್ ಏರಿಸಿದ, ಇವರೂ ಏರಿಸಿದರು. ಏರಿದ ಹಾಗೆ ನಾನು ಚೀಟಿಯ ಮೇಲೆ ಚೀಟಿ ಅಂಟಿಸಿದೆ. ಹಳೆಯದನ್ನು ಕೀಳಲು ನನಗೆ ಉದಾಸೀನ. ಜುಲೈಗೆ ಆಗುವಾಗ ಒಂದೊಂದು ಪೆಟ್ಟಿಗೆಯ ಮೇಲೆ ನಾಲ್ಕು ಪದರ.

ಒಬ್ಬರು ಪೆನ್ಶನ್ ಮುದುಕರು ಕೌಂಟರಿನಲ್ಲಿ ಪೆಟ್ಟಿಗೆ ಕೈಗೆ ತೆಗೆದುಕೊಂಡು ಉಗುರಿನಿಂದ ಕೆರೆಯಲು ಶುರು ಮಾಡಿದರು. ಆತುರ ಇಲ್ಲ. ಒಂದು ಪದರ ಎದ್ದಿತು. "ಇದು ಜೂನ್" ಎಂದರು. ಇನ್ನೊಂದು. "ಇದು ಮೇ." ಇನ್ನೊಂದು. ಕನ್ನಡಕ ಹಾಕಿ ನೋಡಿದರು.

"ಏಪ್ರಿಲ್ ಸಾಕು" ಎಂದರು.

ಧಣಿ ಚೀಟಿ ನೋಡಿದರು. ಏಪ್ರಿಲಿನ ಬೆಲೆಗೇ ಕೊಟ್ಟರು.

ಮರುದಿನ ಕೌಂಟರಿನ ಮುಂದೆ ಎಲ್ಲರೂ ಲಾಟರಿ ಟಿಕೆಟ್ ಕೆರೆದ ಹಾಗೆ ಕೆರೆಯುತ್ತಾ ನಿಂತಿದ್ದರು. ಧಣಿ ನನ್ನನ್ನು ಒಳಗೆ ಕರೆದರು. ಅವರು ಎಲ್ಲರಿಗೂ ಮೇಟ್ ಎನ್ನುವುದು. "ಮೇಟ್, ಇನ್ನು ಹಳೆಯದನ್ನು ಕಿತ್ತು ಅಂಟಿಸು."

ಕೂತು ಎಲ್ಲ ಕಿತ್ತೆ. ಒಂದೇ ಚೀಟಿ ಅಂಟಿಸಿದೆ. ಸಂಜೆ ಒಬ್ಬ ಬಂದು ಕೆರೆದ. ಕೆಳಗೆ ಬರೀ ರಟ್ಟು.

"ಏನೂ ಬರೆದೇ ಇಲ್ಲ. ಇದು ಮೋಸ" ಎಂದು ಪೆಟ್ಟಿಗೆ ಇಟ್ಟು ಹೋದ.

೩. ಬಾಲ ಇರುವ ಏಳು

ಹೆಂಡತಿಯ ತಮ್ಮ ಮೆಲ್ಬರ್ನಿನಲ್ಲಿ ಇರುವುದು, ಕ್ಲೇಟನ್‌ನಲ್ಲಿ. ಆಸ್ಪತ್ರೆಯಲ್ಲಿ ಕೆಲಸ. ಅಕ್ಕನನ್ನು ನೋಡಿ ಅವನೂ ತಟ್ಟೆ ಹೊಡೆಯಲು ಕಲಿತ. ಆ ವರ್ಷ ದಿನಾ ಫೋನು.

"ಭಾವ, ಇವತ್ತು ರೇಟ್ ಎಷ್ಟು?"

ಹೇಳುತ್ತಿದ್ದೆ. ಅವ ನಿಟ್ಟುಸಿರು ಬಿಡುತ್ತಿದ್ದ. ಅಕ್ಕ ಇದ್ದಾಗ ಅವಳು ಬಯ್ಯುತ್ತಿದ್ದಳು. ಕಂಡಕಂಡದ್ದು ಕೊಳ್ಳುವ ಚಟ ಅವನಿಗೆ.

ಒಂದು ದಿನ ಬಹಳ ಖುಷಿಯಲ್ಲಿ ಫೋನ್ ಮಾಡಿದ. "ಭಾವ, ಇಲ್ಲೇ ಒಂದು ಅಂಗಡಿಯಲ್ಲಿ ಸಿಕ್ಕಿತು. ಹತ್ತು ಪೆಟ್ಟಿಗೆ. ಒಬ್ಬರಿಗೆ ಎರಡು ಅಂತ ಎಂತದೂ ಇಲ್ಲ. ಇನ್ನು ನಿಮ್ಮ ಸಿಡ್ನಿ ನನಗೆ ಬೇಡ."

"ಎಷ್ಟು ಕೊಟ್ಟೆ?"

ಹೇಳಿದ. ನಮ್ಮಲ್ಲಿಯ ಮೂರು ಪಟ್ಟು. ಫೋಟೊ ಕಳಿಸಿದ. ಪೆಟ್ಟಿಗೆ ನೋಡಿದೆ. ಚೀಟಿಯ ಅಂಚಿನಿಂದ ಇನ್ನೊಂದು ಚೀಟಿ ಇಣುಕುತ್ತಿತ್ತು.

"ಮೇಲಿನದ್ದು ಎತ್ತಿ ನೋಡು" ಎಂದೆ.

ಎತ್ತಿದ. ಕೆಳಗೆ ನನ್ನ ಅಕ್ಷರ. ನಾನು ಏಳು ಬರೆದರೆ ಅದಕ್ಕೆ ಬಾಲ ಉಂಟು. ಶಾಲೆಯಲ್ಲಿ ಮೇಷ್ಟ್ರು ಹೊಡೆದರೂ ಹೋಗದ ಬಾಲ. ಅವನಿಗೂ ಗೊತ್ತು. ನಮ್ಮ ಅಂಗಡಿಯ ಮಾಲು ಯಾರ್ಯಾರದೋ ಕೈ ದಾಟಿ ಮೆಲ್ಬರ್ನಿಗೆ ಹೋಗಿ, ನಮ್ಮ ಮನೆಯವನನ್ನೇ ಹುಡುಕಿ ಹಿಡಿದಿತ್ತು.

ಇನ್ನೊಂದು ಪೆಟ್ಟಿಗೆಯದ್ದೂ ಕಿತ್ತ ಶಬ್ದ ಫೋನಿನಲ್ಲಿ ಕೇಳಿತು.

"ಭಾವ" ಎಂದ. "ಅಕ್ಕನಿಗೆ ಹೇಳಬೇಡಿ."

ಬಾಯಿ ತಪ್ಪಿ ಬಂದದ್ದು.

"ಇಲ್ಲ, ಹೇಳುವುದಿಲ್ಲ" ಎಂದೆ. ಇದುವರೆಗೆ ಹೇಳಲಿಲ್ಲ.

೪. ಐದು ತಿಂಗಳ ಮೇಲೆ ಬಂದ ದುಃಖ

ಇದರಲ್ಲಿ ತಪ್ಪು ನನ್ನದು. ಅವನಿಗೆ ಸಮಾಧಾನ ಆಗಲಿ ಎಂದು ಅದೇ ಫೋನಿನಲ್ಲಿ ಹೇಳಿದೆ, "ಬಿಡು, ಅಕ್ಕನ ಕಪಾಟು ತುಂಬ ಉಂಟು. ವಾರಕ್ಕೊಂದು ಪೆಟ್ಟಿಗೆ ಒಳಗೆ ಇಟ್ಟದ್ದು ನಾನೇ ನೋಡಿದ್ದೇನೆ." ಅವ ಅಲ್ಲಿಯ ಕ್ಲಬ್ಬಿನಲ್ಲಿ ಹೇಳಿದ. ಅಲ್ಲಿಂದ ನಮ್ಮ ಕ್ಲಬ್ಬಿಗೆ ಬಂತು.

ಆಮೇಲೆ ಜನರಿಗೆ ನನ್ನ ಮೇಲೆ ಬಹಳ ಕನಿಕರ ಬಂತು. ಮಣ್ಣಿಗೆ ಬಾರದವರು ಮನೆಗೆ ಬಂದರು. ಕ್ಲಬ್ಬಿನ ಸೆಕ್ರೆಟರಿ ಒಂದು ಪೈ, ಅಂದರೆ ಇಲ್ಲಿಯವರ ಮಾಂಸದ ಕಡುಬು, ಹಿಡಿದು ಬಂದ. ಸಂತಾಪದ ಕಾರ್ಡಿನಲ್ಲಿ ಹೆಂಡತಿಯ ಹೆಸರು ತಪ್ಪಿತ್ತು, ಕಾಡತೂಸಿನ ಸೈಜು ಸರಿ ಇತ್ತು.

ಒಬ್ಬ ಹುಬ್ಬಳ್ಳಿಯವ ಬಂದ. ಚಾಟ್ಸ್‌ವುಡ್‌ನಲ್ಲಿ ಆಫೀಸ್ ಕೆಲಸ. ಆ ವರ್ಷವೇ ಕೋವಿ ಕೊಂಡವ. ಕೈಯಲ್ಲಿ ಧಾರವಾಡ ಪೇಡೆ.

"ಅಂಕಲ್, ಕೇಳಿ ಭಾಳ ಬ್ಯಾಸರಾತ್ರಿ. ಆಂಟಿ ಅಂದ್ರ ದೇವರಂಥಾಕಿ."

"ನಿಮಗೆ ಗುರ್ತ ಇತ್ತಾ?"

"ಇಲ್ರಿ, ಭೆಟ್ಟಿ ಆಗಿಲ್ಲ. ಆದ್ರ ಮಂದಿ ಹೇಳ್ತಾರ್ರಿ. ತಗೋರಿ, ಪೇಡೆ ತಿನ್ರಿ."

ಸಕ್ಕರೆ ಕಾಯಿಲೆ ಉಂಟು, ಬೇಡ ಎಂದೆ. ಹೆಂಡತಿ ಇದ್ದಾಗ ಭಾನುವಾರ ಮಾತ್ರ ಎರಡು ಕಿಡಿಯೊ ಕೊಡುತ್ತಿದ್ದಳು. ಕಿಡಿಯೊ ಅಂದರೆ ನಮ್ಮ ಕ್ರಿಸ್ಮಸ್ಸಿನ ತಿಂಡಿ, ಹಿಟ್ಟು ಕರಿದು ಸಕ್ಕರೆ ಪಾಕ ಹಾಕಿದ್ದು. ಎರಡು ದೊಡ್ಡ ಡಬ್ಬ ಮಾಡುವಳು. ಮೂರನೇ ದಿನಕ್ಕೆ ಡಬ್ಬ ಖಾಲಿ. ಪಕ್ಕದ ಮನೆಗೆ ಕೊಟ್ಟೆ ಎನ್ನುವಳು. ಮತ್ತೆ ಭಾನುವಾರ ಎರಡು ಎಲ್ಲಿಂದ ಬರುತ್ತದೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಅದೂ ನಿಲ್ಲಬಹುದು.

ಇದನ್ನೆಲ್ಲ ಅವನಿಗೆ ಹೇಳಿದೆ. ಅವ ತಲೆ ಆಡಿಸಿದ. ಕಣ್ಣು ಬೇರೆ ಕಡೆ ಇತ್ತು.

"ಗ್ಯಾರೇಜು ಈ ಕಡೆ ಐತೇನ್ರಿ?"

ಒಂದು ಸಲ ಕೈ ಮುಗಿದು ಹೋಗುತ್ತೇನೆ ಎಂದ. ಬೇಡ ಎನ್ನಲಿಕ್ಕೆ ಆಗಲಿಲ್ಲ. ಕರೆದುಕೊಂಡು ಹೋದೆ. ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಕಪಾಟಿಗೆ ಕೈ ಮುಗಿದ.

ಹೆಂಡತಿಯ ಫೋಟೊ ಹಾಲ್‌ನಲ್ಲಿತ್ತು.

೫. ಬೀಗ

ಧಣಿ ಒಂದು ಸಂಜೆ ಹೇಳಿದರು, "ಮೇಟ್, ಈಗ ಊರಿಗೆಲ್ಲ ಗೊತ್ತು. ಪೊಲೀಸರು ಬಂದು ಕೇಳುವ ಮೊದಲು ಅದನ್ನು ತೆಗೆಯಬೇಕು."

"ಕೀಲಿಕೈ ಎಲ್ಲಿ ಉಂಟೋ ಗೊತ್ತಿಲ್ಲ" ಎಂದೆ. ಅದು ನಿಜ. ನಾನು ಹುಡುಕಲಿಲ್ಲ, ಅದೂ ನಿಜ.

ಧಣಿ ತಿಜೋರಿಯಿಂದ ಒಂದು ಲಕೋಟೆ ತೆಗೆದರು. ಒಳಗೆ ಕಪಾಟಿನ ಇನ್ನೊಂದು ಕೀಲಿಕೈ. ಮೇಲೆ ಹೆಂಡತಿಯ ಅಕ್ಷರ, ಇಂಗ್ಲಿಷಿನಲ್ಲಿ. ನನ್ನ ಗಂಡನ ಕೈಗೆ ಕೊಡಬಾರದು. ಅವಳೇ ತಂದು ಕೊಟ್ಟದ್ದಂತೆ. ಐದು ತಿಂಗಳು ಅದು ನನ್ನ ಬೆನ್ನ ಹಿಂದಿನ ತಿಜೋರಿಯಲ್ಲೇ ಇತ್ತು. ಒಂದು ದಿನವೂ ಧಣಿ ಬಾಯಿ ಬಿಟ್ಟಿರಲಿಲ್ಲ.

"ಶನಿವಾರ" ಎಂದೆ.

ಕಪಾಟಿನ ಮಾಲನ್ನು ಧಣಿ ಕೊಂಡು ಅಂಗಡಿಯಲ್ಲಿ ಒಬ್ಬರಿಗೆ ಎರಡರ ಹಾಗೆ ಕೊಡುವುದು ಎಂದು ಮಾತಾಗಿತ್ತು. ಆದರೆ ಶನಿವಾರ ಎಲ್ಲರೂ ಗ್ಯಾರೇಜಿಗೇ ಬಂದರು. ಹುಬ್ಬಳ್ಳಿಯವ ಮೊದಲು. ಅವನ ಹಿಂದೆ ಕ್ಲಬ್ಬಿನ ಸೆಕ್ರೆಟರಿ, ಇನ್ನೊಂದು ಪೈ ಹಿಡಿದು. ಹೆಂಡತಿಯ ತಮ್ಮ ವಿಮಾನ ಹತ್ತಿ ಬಂದಿದ್ದ. "ಭಾವ, ನಿಮಗೆ ಜೊತೆಗೆ ಇರಲಿ ಅಂತ ಬಂದದ್ದು" ಎಂದ. ಎಂದವ ಕ್ಯೂನಲ್ಲಿ ನಿಂತ.

ನಾನು ಗೋಡೆ ನೋಡಿ ನಿಂತೆ. ಬೀಗ ತೆಗೆದ ಶಬ್ದ ಕೇಳಿತು.

"ಹಗುರ ಇದೆಯಲ್ಲ" ಎಂದರು ಧಣಿ.

ತಿರುಗಿದೆ. ಸಾಲಾಗಿ ಪೆಟ್ಟಿಗೆ, ಮೇಲಿನಿಂದ ಕೆಳಗಿನವರೆಗೆ. ಧಣಿ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗಲಗಲ. ಮುಚ್ಚಳ ತೆಗೆದರು.

ಕಿಡಿಯೊ.

ಇನ್ನೊಂದು ತೆಗೆದರು. ಕಿಡಿಯೊ. ಮೂರನೆಯದರಲ್ಲಿ ಊರಿನ ಗೇರುಬೀಜ, ಬೆಲ್ಲ ಹಾಕಿದ್ದು. ಎಲ್ಲ ಪೆಟ್ಟಿಗೆ ನೋಡಿದರು. ಒಂದೇ ಒಂದು ಕಾಡತೂಸು ಇಲ್ಲ. ಕೊಂಡದ್ದನ್ನೆಲ್ಲ ಅವಳು ಅದೇ ಭಾನುವಾರ ಹೊಡೆದು ಮುಗಿಸಿದ್ದಳು. ಮನೆಗೆ ತಂದದ್ದು ಖಾಲಿ ಪೆಟ್ಟಿಗೆ. ಇಡೀ ಮನೆಯಲ್ಲಿ ನಾನು ಕೈ ಹಾಕದ ಜಾಗ ಇದೊಂದೇ. ಅವಳಿಗೆ ಗೊತ್ತಿತ್ತು.

ಕಪಾಟಿನ ಬಾಗಿಲಿನ ಒಳಗೆ ಒಂದು ಚೀಟಿ ಅಂಟಿಸಿದ್ದಳು. ಕನ್ನಡಕ ಇರಲಿಲ್ಲ. ಅವಳ ತಮ್ಮ ಓದಿದ.

"ಹೇಗೆ ತೆಗೆದಿರಿ? ನಿಮಗೆ ಲೈಸೆನ್ಸ್ ಇಲ್ಲ. ಭಾನುವಾರಕ್ಕೆ ಎರಡೇ. ಬಾಗಿಲು ಮುಚ್ಚಿ."

ಧಣಿಗೆ ಇಂಗ್ಲಿಷಿನಲ್ಲಿ ಹೇಳಿದ. ಧಣಿ ಟೊಪ್ಪಿ ತೆಗೆದರು.

ನನಗೆ ನಗು ಬಂತು. ಫೆಬ್ರವರಿಯ ಮೇಲೆ ಮೊದಲನೆಯ ಸಲ. ನಗು ಹೋಗಿ ಬೇರೆ ಎಂತದೋ ಆಗುವುದರೊಳಗೆ ಒಳಗೆ ಹೋಗಿ ನೀರು ಕುಡಿದು ಬಂದೆ.

ಬರುವಾಗ ಎಲ್ಲರ ಬಾಯಿಯಲ್ಲೂ ಕಿಡಿಯೊ. ಕ್ರಿಸ್ಮಸ್ಸಿನಿಂದ ಏಳು ತಿಂಗಳಲ್ಲಿ ಕಲ್ಲಾಗಿತ್ತು. ಸೆಕ್ರೆಟರಿ ದವಡೆ ಹಿಡಿದುಕೊಂಡು, ಇದು ಕಾಡತೂಸೇ ಎಂದ. ಹುಬ್ಬಳ್ಳಿಯವ, "ಆಂಟಿ ಕೈ ಭಾಳ ಚಲೋ ಇತ್ರಿ" ಎಂದು ಮೂರನೆಯದಕ್ಕೆ ಕೈ ಹಾಕಿದ. ಧಣಿ ಅವನ ಕೈ ಹಿಡಿದರು.

"ಒಬ್ಬರಿಗೆ ಎರಡು" ಎಂದರು.

ಎಲ್ಲರೂ ಹೋದ ಮೇಲೆ ಧಣಿ ಪೆಟ್ಟಿಗೆಗಳನ್ನು ಮೊದಲಿನ ಹಾಗೇ ಸಾಲಾಗಿ ಇಟ್ಟರು. ಬೀಗ ಹಾಕಿದರು. ಕೀಲಿಕೈಯನ್ನು ತಮ್ಮ ಜೇಬಿಗೆ ಹಾಕಿದರು.

"ಕಾಡತೂಸು ಇಲ್ಲವಲ್ಲ. ಇನ್ನು ಕೀಲಿಕೈ ನನಗೆ ಕೊಡಬಹುದು" ಎಂದೆ.

ಲಕೋಟೆ ಎತ್ತಿ ತೋರಿಸಿದರು.

ಈಗ ಭಾನುವಾರ ಪೂಜೆ ಮುಗಿಸಿ ನಾನು ಮನೆಗೆ ಬರುವಾಗ ಧಣಿಯ ಕಾರು ಬಾಗಿಲಲ್ಲಿ ಇರುತ್ತದೆ. ಬೀಗ ತೆಗೆಯುತ್ತಾರೆ. ನನಗೆ ಎರಡು. ಅವರೂ ಎರಡು ತಿನ್ನುತ್ತಾರೆ, ನಿಧಾನ, ಹಲ್ಲಿಗೆ ಹೆದರಿ. ಬೀಗ ಹಾಕಿ ಹೋಗುತ್ತಾರೆ.

ಕಳೆದ ಭಾನುವಾರ ಮೂರನೆಯದು ಕೇಳಿದೆ.

"ಲೈಸೆನ್ಸ್ ತೋರಿಸು" ಎಂದರು.