ಅಯಸ್ಕಾಂತ ನೋಡಲು ಬಂದ ಅವ್ವ

ಸಂಶೋಧನೆ ಮಾಡುವವಳ ಮನೆಯವರು ಭೇರ್ಯದಂಥ ಹಳ್ಳಿಯವರಾದರೆ ನಗುವಿಗೆ ಯಾವ ಕಾಲಕ್ಕೂ ಬರವಿಲ್ಲ. ಈಗ ಕಾಲೇಜಿನಲ್ಲಿ ಪಾಠ ಮಾಡಿಕೊಂಡು ನೆಮ್ಮದಿಯಾಗಿದ್ದೇನೆ. ಆದರೂ ಮೈಸೂರಿನ ಆ ಲ್ಯಾಬಿನ ದಿನಗಳು ನೆನಪಾದರೆ ಮತ್ತೆ ಅಲ್ಲಿಗೇ ಓಡಿಹೋಗೋಣ ಅನ್ನಿಸುತ್ತೆ.

ಗಟ್ಟಿ ಮಾಡೋರೂ ನೀವೇ

ರಜೆಗೆ ಊರಿಗೆ ಹೋದಾಗ ಅಪ್ಪ ಕೇಳಿದರು, "ಅದೇನ್ ಮಗ ನೀನು ಓದ್ತಿರಾದು?"

"ಬ್ಯಾಟರಿ ಒಳಗೆ ದ್ರವ ಇರ್ತದಲ್ಲಪ್ಪ, ಅದು ಸೋರದಂಗೆ ಗಂಜಿ ಥರ ಗಟ್ಟಿ ಮಾಡ್ತೀವಿ. ಅದೇ ಜೆಲ್ ಎಲೆಕ್ಟ್ರೊಲೈಟು. ಆಮೇಲೆ ಅದರೊಳಗೆ ಲಿಥಿಯಂ ಅಯಾನುಗಳು ಸಲೀಸಾಗಿ ಓಡಾಡ್ತವಾ ಅಂತ ದೊಡ್ಡ ಅಯಸ್ಕಾಂತದ ಮಿಷಿನಲ್ಲಿಟ್ಟು ನೋಡ್ತೀನಿ."

ಅಪ್ಪ ಎಲೆ ಅಡಿಕೆ ಅಗಿಯುತ್ತಾ ಯೋಚಿಸಿದರು. "ಓಡಾಡ್ದಂಗೆ ಗಟ್ಟಿ ಮಾಡೋರೂ ನೀವೇ, ಓಡಾಡ್ತದಾ ಅಂತ ಬಗ್ಗಿ ನೋಡೋರೂ ನೀವೇ. ಸಾಕು ಬುಡು. ಬಿ.ಎಡ್. ಮಾಡ್ಕಂಡು ಕೆ.ಆರ್. ನಗರದಲ್ಲಿ ಟೀಚರಾಗು."

ಅಪ್ಪ ಹೇಳಿದರೆ ಮುಗಿಯಿತು.

ಉಪ್ಪು

ಲ್ಯಾಬಿಗೆ ವಾಪಸು ಬಂದು ಅವ್ವನಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ. ಬಿ.ಎಡ್. ಚಿಂತೆ ಸಾಲದು ಅಂತ ಅವತ್ತು ಜೆಲ್ಲೂ ಗಂಟುಗಂಟಾಗಿತ್ತು.

"ಉರಿ ಸಣ್ಣಕೆ ಮಾಡಿ ಒಂದೇ ಸಮ ತಿರುವು, ಮುದ್ದೆ ತಿರುವ್ದಂಗೆ," ಅಂದಳು ಅವ್ವ. ತಿರುವಿದೆ. ಇನ್ನೂ ದೊಡ್ಡ ಗಂಟಾಯಿತು.

"ಏನೇನ್ ಹಾಕಿದ್ದೀಯೆ?"

"ಲಿಥಿಯಂ ಉಪ್ಪು..."

"ಉಪ್ಪು ಜಾಸ್ತಿಯಾಗೈತೆ. ಅಡುಗೆ ಕಲಿಯೇ ಅಂತ ಬಡ್ಕಂಡೆ, ಓದ್ತೀನಿ ಅಂತ ಹೊಂಟೆ. ಈಗ ಅಲ್ಲೂ ಅದನ್ನೇ ಮಾಡಿಸ್ತಾವ್ರೆ ನೋಡು."

ತನಿಖೆ

ನಾನು ಬಿ.ಎಡ್.ಗೆ ಒಪ್ಪದೆ ಪಟ್ಟು ಹಿಡಿದಾಗ ಕೊನೆಗೆ ಅಪ್ಪ, "ಓದಿಸಾದೋ ಬುಡಿಸಾದೋ, ನೀನೇ ನೋಡ್ಕಂಡ್ ಬಂದು ಹೇಳು," ಅಂತ ಅವ್ವನನ್ನೇ ಲ್ಯಾಬಿಗೆ ಕಳಿಸಿದರು.

ಮಿಷಿನ್ ಕೋಣೆಗೆ ಕಬ್ಬಿಣ ತರುವಂತಿಲ್ಲ. ಬೀಗದ ಕೈ, ಫೋನು, ಸೀರೆಗೆ ಚುಚ್ಚಿದ್ದ ಪಿನ್ನು ಎಲ್ಲ ತೆಗೆಸಿದೆ. ನಮ್ಮ ಕಡೆ ಹೆಂಗಸರು ತಾಳಿ ಸರಕ್ಕೂ ಒಂದಷ್ಟು ಪಿನ್ನು ಸಿಕ್ಕಿಸಿಕೊಂಡಿರುತ್ತಾರೆ. ಅದು ಇಬ್ಬರಿಗೂ ಮರೆತೇ ಹೋಗಿತ್ತು. ಅವ್ವ ಹತ್ತಿರ ಹೋಗಿದ್ದೇ ತಡ, ಸರ ಎದೆಯಿಂದೆದ್ದು ಮಿಷಿನ್ ಕಡೆಗೆ ನೆಟ್ಟಗೆ ಚಾಚಿತು. ಅವ್ವ ಎರಡೂ ಕೈಯಲ್ಲಿ ತಾಳಿ ಹಿಡಿದುಕೊಂಡಳು. ನಾನು ಅವ್ವನನ್ನು ಹಿಡಿದುಕೊಂಡು ಹಿಂದಕ್ಕೆಳೆದೆ.

ತಾಳಿಗೇ ಕೈ ಹಾಕಿದ ಮಿಷಿನು! ನನ್ನ ಓದು ಅಲ್ಲಿಗೆ ಮುಗೀತು ಅಂದುಕೊಂಡೆ. ಇಬ್ಬರೂ ಊರಿನ ಬಸ್ಸು ಹತ್ತಿದೆವು; ಭೇರ್ಯ ಬರುವವರೆಗೂ ಅವ್ವ ತಾಳಿಯಿಂದ ಕೈ ತೆಗೆಯಲಿಲ್ಲ.

ಜಗಲಿ ಮೇಲೆ ಕೂತಿದ್ದ ಅಪ್ಪ ಕೂತಲ್ಲಿಂದಲೇ ಕೇಳಿದರು, "ಏನಂತೆ ಮಿಷಿನ್ನು?"

ಅವ್ವ ಚಪ್ಪಲಿ ಬಿಟ್ಟು, ನೀರು ಕುಡಿದು, ಆಮೇಲೆ ಹೇಳಿದಳು: "ಇಷ್ಟು ವರ್ಸದಿಂದ ನಾನು ಎಷ್ಟು ಕೂಗಿದ್ರೂ ನೀವು ಕೂತ್ಕಡೆಯಿಂದ ಎದ್ದೋರಲ್ಲ. ನೀವು ಕಟ್ಟಿದ ತಾಳಿ, ಇವಳ ಮಿಷಿನ್ನು ಕರೆದೇಟ್ಗೆ ಎದ್ದು ಹೊಂಟೋಯ್ತು. ಓದ್ಲಿ ಬುಡಿ."