ಅವ್ವನ ಹೆಸರಿನ ರಕ್ತ

ನಮ್ಮ ಕಾಲೇಜಿನ ಮೊದಲ ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ಹದಿನಾಲ್ಕನೆಯದರ ಮೇಲೆ ನನಗೆ ದಿನವೂ ಒಂದು ಫೋನ್ ಬರುತ್ತದೆ. ಆ ಕಡೆ ಯಾರೂ ಇರುವುದಿಲ್ಲ. ಕಿವಿಗೆ ಹಿಡಿದು ನಿಂತು, ಏದುಸಿರು ಇಳಿದ ಮೇಲೆ "ಆತ್ರಿ, ಇಡ್ತೇನಿ" ಎಂದು ಉಳಿದ ಎಂಟನ್ನು ಹತ್ತುತ್ತೇನೆ. ಸಿಂದಗಿಯಲ್ಲಿ ರಸಾಯನಶಾಸ್ತ್ರ ಕಲಿಸುವವಳು ನಾನು. ಕೊಬ್ಬು ನೀರಿನಲ್ಲಿ ಕರಗುವುದಿಲ್ಲವೆಂದು ತರಗತಿಯಲ್ಲಿ ಹೇಳಿ, ಮನೆಯಲ್ಲಿ ಅದನ್ನು ಕರಗಿಸಲು ಬೆಳಿಗ್ಗೆ ಬಿಸಿನೀರು ಕುಡಿಯುತ್ತೇನೆ.

ಫೋನ್ ಒಂಬತ್ತನೆಯ ಮೆಟ್ಟಿಲಿಗೇ ಬರತೊಡಗಿದಾಗ ಹೆದರಿಕೆಯಾಯಿತು. ಊರಲ್ಲೇ ತೋರಿಸಿದರೆ ನನಗಿಂತ ಮೊದಲು ಸುದ್ದಿ ಮನೆ ಮುಟ್ಟುತ್ತದೆ. ಬಸ್ ಹಿಡಿದು ಇಂಡಿಗೆ ಹೋದೆ. ಡಾಕ್ಟರು ಒಂದು ಕೊಳವೆ ಕೊಟ್ಟು ಜೋರಾಗಿ ಊದಿಸಿದರು. "ಪುಪ್ಪುಸ ಚಲೋ ಅದಾವ ನೋಡವಾ. ಹೊಟ್ಟೀನ ಮ್ಯಾಲಕ್ಕ ಒತ್ತಿ, ಅವಕ್ಕ ಅರಳಾಕ ಜಾಗಾ ಕೊಡವಲ್ದು" ಎಂದು, ರಕ್ತದಲ್ಲಿ ಕೊಬ್ಬು ಎಷ್ಟಿದೆ ನೋಡಲು ಚೀಟಿ ಬರೆದರು. ಲ್ಯಾಬಿನವನು ಹೆಸರು ಕೇಳಿದ. ಗಾಬರಿಯಲ್ಲಿ ಅವ್ವನ ಹೆಸರು ಹೇಳಿಬಿಟ್ಟೆ: ಶಾಂತಾಬಾಯಿ. ವಯಸ್ಸು? ಹೆಸರು ಅವಳದಾದ ಮೇಲೆ ವಯಸ್ಸೂ ಅವಳದೇ ಇರಲೆಂದು ಐವತ್ತೆರಡು ಎಂದೆ. ನನಗೆ ಇಪ್ಪತ್ತೊಂಬತ್ತು. ಅವನು ತಲೆಯೆತ್ತಿ ನನ್ನ ಮುಖ ನೋಡಿ, ಏನೂ ಅನುಮಾನಿಸದೆ ಬರೆದುಕೊಂಡ. ಸೂಜಿಗಿಂತ ಅದೇ ಹೆಚ್ಚು ಚುಚ್ಚಿತು.

ಮೂರು ದಿನಗಳ ನಂತರ, ಲೈಟ್ ಬಿಲ್ ಹುಡುಕುತ್ತಿದ್ದ ಅಪ್ಪನ ಕೈಗೆ ಆ ವರದಿ ಸಿಕ್ಕಿತು. ನಿವೃತ್ತ ಮಾಸ್ತರರು, ಹೆಚ್ಚಿದ್ದ ಅಂಕಿಗಳ ಕೆಳಗೆಲ್ಲ ಕೆಂಪು ಗೆರೆ ಎಳೆದರು. "ಶಾಂತಾ, ಏನಿದು? ಇಂಡಿತನಾ ಹೋಗಿ ಬಂದಿ, ನನಗೊಂದ ಮಾತು ಹೇಳಬಾರದೇನು?"

ಜೋಳದ ದಂಟಿನಂತಿರುವ ಅವ್ವ ಹಾಳೆ ನೋಡಿದಳು, ನನ್ನನ್ನು ನೋಡಿದಳು. "ನೀವು ಗಾಬ್ರಿ ಆಗ್ತೀರಂತ ಹೇಳಲಿಲ್ರಿ" ಎಂದಳು. ನಾನು ಲೈಟ್ ಬಿಲ್ ಹುಡುಕತೊಡಗಿದೆ.

ಅಂದಿನಿಂದ ಅವ್ವನಿಗೆ ಬೆಣ್ಣೆ ಬಂದ್. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಅವಳ ಒಂದೇ ಆಸೆ. "ಒಬ್ಬಾಕಿಗೆ ಬ್ಯಾರೆ ಅಡಗಿ ಯಾರು ಮಾಡ್ತಾರ?" ಎಂದು ಅವಳು ಮನೆಗೆಲ್ಲ ಅದೇ ಪಥ್ಯ ಬಡಿಸಿದಳು. ಅಪ್ಪ ಸಂಜೆ ನಡೆಯಲು ಆಜ್ಞೆ ಮಾಡಿದರೆ, "ಒಬ್ಬಾಕೀನ ಹೋಗಾಕ ನಾಚಿಕಿ, ಇಕೀನ್ನ ಜೋಡಿ ಕಳಸ್ರಿ" ಎಂದಳು. ಹೀಗೆ ದಿನವೂ ಆಲಮೇಲ ರಸ್ತೆಯಲ್ಲಿ ಇಬ್ಬರೂ ನಡೆದೆವು. ಒಂದು ತಿಂಗಳಲ್ಲಿ ನನ್ನ ಉಸಿರು ಕೊಂಚ ಹಗುರಾಯಿತು. ಅವ್ವನ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಅದನ್ನು ನೋಡಿಯೂ ನಾನು ಸುಮ್ಮನಿದ್ದೆ ಎಂದು ಬರೆಯಲು ಈಗಲೂ ನಾಚಿಕೆ.

ಒಂದು ಸಂಜೆ ತಡೆಯಲಾಗಲಿಲ್ಲ. "ಅವ್ವಾ, ಆ ರಿಪೋರ್ಟ್..."

"ನನ್ನ ತೋಳಿಗೆ ಸೂಜಿ ಚುಚ್ಚಿದ್ರ ನನಗ ಗೊತ್ತಾಗೂದಿಲ್ಲೇನ, ಖೋಡಿ?"

"ಮತ್ತ ಯಾಕ ಒಪ್ಪಿಕೊಂಡಿ?"

"ನೀ ನಡಿ ಅಂದ್ರ ನೀ ನಡೀತಿದ್ದೇನು? ನನ್ನ ಜೋಡಿ ಬಾ ಅಂದ್ರ ಬರ್ತಿ." ಸ್ವಲ್ಪ ದೂರ ಹೋಗಿ ಅವಳೇ ಮತ್ತೆ ಅಂದಳು: "ಆದ್ರ ಬೆಣ್ಣಿ ಭಾಳ ನೆನಪಾಗ್ತೈತೆವ್ವಾ."

ಮರುದಿನ ಬೆಳಿಗ್ಗೆ ಅಪ್ಪ ಪೇಪರ್ ಬಿಡಿಸುವ ಮೊದಲೇ "ಆ ರಕ್ತ ನಂದರಿ ಅಪ್ಪಾ" ಎಂದೆ. ಅವ್ವನ ರೊಟ್ಟಿಯ ಮೇಲೆ ಎರಡು ಚಮಚ ಬೆಣ್ಣೆ ಹಾಕಿದೆ. ಚಮಚ ತೊಳೆಯಲು ನಲ್ಲಿಯ ಹತ್ತಿರ ಹೋದೆ. ನೀರು ಬಿಡುವ ಮೊದಲು ಅದನ್ನೊಮ್ಮೆ ನೆಕ್ಕಿದೆ. ಇದನ್ನು ಮಾತ್ರ ಅಪ್ಪನಿಗೆ ಹೇಳಿಲ್ಲ.